ಒಂದು ನಿಮಿಷದ ಕಪ್ಪು

ಲಿಂಗಸುಗೂರಿನ ನಮ್ಮ ಸ್ಟುಡಿಯೋಕ್ಕೆ
ಮದುವೆಯಿಲ್ಲದ ಆಷಾಢದಲ್ಲಿ ಬಂತು ಕೆಲಸ:
ಹಟ್ಟಿಯ ಗಣಿಯೊಳಗಿಳಿದು
ಸುರಕ್ಷತೆಯದೊಂದು ಸಿನಿಮಾ ತೆಗೆದುಕೊಡಬೇಕು.
ಯಂಕೋಬಣ್ಣನ ಹೆಗಲಿಗೆ ಕ್ಯಾಮೆರಾ.
ನಾನು ಎಂದಿನಂತೆ ಲೈಟು ಹಿಡಿಯುವವನು,
ಅಕ್ಕಿಕಾಳು ಬೀಳುವ ಹೊತ್ತಿಗೆ
ಮದುಮಗಳ ಕಣ್ಣಿಗೇ ಬೆಳಕು ಹೊಡೆದು ಬೈಸಿಕೊಂಡವನು.

ಗೇಟಿನಲ್ಲಿ ಹಿತ್ತಾಳೆಯ ಬಿಲ್ಲೆ ಕೊಟ್ಟ ಗುಮಾಸ್ತ
ಮ್ಯಾಲ ಬಂದಾಗ ವಾಪಸು ಕೊಡ್ರಿ, ಎಂದ.
ಬರದಿದ್ದರೆ? ಕೇಳಲಿಲ್ಲ ನಾನು.

ಗಂಟೆ ಮೂರು ಸಲ ಬಡಿಯಿತು. ಕಬ್ಬಿಣದ ಪಂಜರ
ಹೊಟ್ಟೆಯನ್ನು ಮೇಲೇ ಬಿಟ್ಟು ನಮ್ಮನ್ನಷ್ಟೇ ಒಯ್ದಿತು.
ಕಿವಿ ಕಟ್ಟಿತು. ಪಕ್ಕದಲ್ಲಿ ಯಾರೋ
ಸಾವಕಾಶ ಎಲೆಅಡಿಕೆ ಜಗಿಯುತ್ತಿದ್ದ.
ಬಂಡೆ ಮೇಲಕ್ಕೆ ಓಡುತ್ತಿತ್ತು.

ಎರಡು ಸಾವಿರ ಅಡಿ ಕೆಳಗೆ
ಕಲ್ಲಿಗೂ ಜ್ವರ.
ರಾಯಚೂರಿನ ಮೇ ತಿಂಗಳೇ ಕೊನೆಯೆಂದುಕೊಂಡಿದ್ದೆ;
ಇದು ಬಿಸಿಲೇ ಇಲ್ಲದ ಬಿಸಿ,
ಒದ್ದೆ ಕಂಬಳಿ ಹೊದಿಸಿ ಬೇಯಿಸಿದ ಹಾಗೆ.
ಲೆನ್ಸಿನ ಮುಚ್ಚಳ ತೆಗೆದದ್ದೇ ತಡ, ಹಬೆ.
ಒರೆಸಿದರೆ ಮತ್ತೆ ಹಬೆ. ಯಂಕೋಬಣ್ಣ
ಅಂಗಿಯ ತುದಿ, ಕರವಸ್ತ್ರ, ಕೊನೆಗೆ ಬೈಗುಳ,
ಎಲ್ಲ ಬಳಸಿ ಸೋತ.

‘ಅದಕ್ಕೂ ಬೆವರಾಕ ಬಿಡ್ರಿ,’ ಎಂದ ಹುಸೇನಪ್ಪ,
ಇಪ್ಪತ್ತಾರು ವರ್ಷದಿಂದ ಡ್ರಿಲ್ಲು ಹಿಡಿದವನು,
‘ನಾ ಬಂದ ಮೊದಲನೇ ದಿನ ನನಗೂ ಹಿಂಗಽ ಆಗಿತ್ತು.
ಅರ್ಧ ತಾಸು ಕುಂದರಸ್ರಿ. ರೂಢಿ ಆಕೈತಿ.’
ಕುಳಿತೆವು, ಕ್ಯಾಮೆರಾವನ್ನು
ಹೊಸ ಅಳಿಯನ ಹಾಗೆ ಹಲಗೆಯ ಮೇಲೆ ಕೂರಿಸಿ.
ಅವನು ಬುತ್ತಿ ಬಿಚ್ಚಿದ: ಜೋಳದ ರೊಟ್ಟಿ, ಪುಂಡಿಪಲ್ಯ.
ಖಡಕ್ ರೊಟ್ಟಿಯೂ ಅಲ್ಲಿ ಮೆತ್ತಗಾಗುತ್ತದೆ,
ಮುರಿದರೆ ಸದ್ದಿಲ್ಲ.

ಆಮೇಲೆ ತೆಗೆದೆವು ಹೇಳಿದ್ದೆಲ್ಲ:
ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದು,
ಉದ್ದ ಸರಳಿನಿಂದ ನೆತ್ತಿಯ ಬಂಡೆ ತಟ್ಟುವುದು.
ಗಟ್ಟಿ ಕಲ್ಲು ಗಂಟೆಯ ಹಾಗೆ ಅನ್ನುತ್ತದೆ,
ಸಡಿಲ ಕಲ್ಲು ಒಡಕು ಮಡಕೆಯ ಹಾಗೆ.
ಹುಸೇನಪ್ಪ ತಟ್ಟಿ ತಟ್ಟಿ ಕೇಳಿಸಿದ,
ಸಂತೆಯಲ್ಲಿ ಕಲ್ಲಂಗಡಿ ಆರಿಸುವವನಂತೆ ಕಿವಿ ಓರೆ ಮಾಡಿ.
ಇದರಲ್ಲಿ ಚಿನ್ನ ಯಾವುದು? ಕೇಳಿದೆ. ನಕ್ಕ:
‘ಕಾಣೂಹಂಗಿದ್ರ ಇಷ್ಟು ಮಂದಿ ಯಾಕ ಬೇಕಿತ್ತೋ ತಮ್ಮಾ.’

ಮುಗಿಯಿತು ಅನ್ನುವಾಗ ಅವನೇ ಅಂದ:
‘ನಿನ್ನ ಲೈಟು ಆರ್ಸು. ನಾವೂ ಆರಸ್ತೀವಿ.
ಇದನ್ನೊಂದೀಟು ತೆಗೀರಿ.’
ಒಬ್ಬೊಬ್ಬರೇ ಹಣೆಯ ದೀಪ ಆರಿಸಿದರು.
ಕ್ಯಾಮೆರಾದ ಕೆಂಪು ಚುಕ್ಕೆಗೂ
ಯಂಕೋಬಣ್ಣ ಹೆಬ್ಬೆರಳು ಮುಚ್ಚಿದ.

ಕತ್ತಲೆಂದರೆ ನನಗೆ ಗೊತ್ತಿದ್ದದ್ದು
ಕರೆಂಟು ಹೋದ ಮಂಟಪ, ಅಮಾಸೆಯ ಕಾಲುವೆ ದಾರಿ.
ಅಲ್ಲೆಲ್ಲ ದೂರದಲ್ಲಿ ಒಂದು ಬೀಡಿಯಾದರೂ ಇರುತ್ತದೆ.
ಇದು ಕಣ್ಣು ಮುಚ್ಚಿದರೂ ಅಷ್ಟೇ, ತೆರೆದರೂ ಅಷ್ಟೇ.
ಆರಿದ ಲೈಟು ಹಿಡಿದು ನಿಂತೆ, ಕೆಲಸವಿಲ್ಲದವನು.
ನೀರು ತೊಟ್ಟಿಕ್ಕಿತು. ಎಲ್ಲೋ ಮಣ್ಣು ಜರಿಯಿತು.
ಯಾರೋ ಕೆಮ್ಮಿದರು.

ಸಾಹೇಬರು ಆ ನಿಮಿಷ ಕತ್ತರಿಸಿ ಅಂದರು,
ಏನೂ ಕಾಣುವುದಿಲ್ಲವಲ್ಲ.
ಕತ್ತರಿಸಿದೆವು. ಬಿಸಾಡಲಿಲ್ಲ.

ಅಲಾಯಿ ಹಬ್ಬ ಕಳೆದ ಮರುವಾರ
ಹುಸೇನಪ್ಪ ಬಂದ, ಹೆಂಡತಿ ಈರಮ್ಮನ ಜೊತೆ.
ಇಪ್ಪತ್ತು ವರ್ಷ ಬುತ್ತಿ ಕಟ್ಟಿದಾಕೆ,
ಆ ಬುತ್ತಿ ಎಲ್ಲಿಗೆ ಹೋಗುತ್ತದೋ ನೋಡಬೇಕಂತೆ.
ಸಿನಿಮಾ ಹಾಕಿದೆ. ಹೆಲ್ಮೆಟ್ಟು, ಸರಳು, ಗಂಬೂಟು.
ಆಕೆ ಆಕಳಿಸಿದಳು: ‘ಇದು ಮಂದಿಗಿ ತೋರ್ಸಾಕ ಮಾಡಿದ್ದು.’

ಆಗ ಹಾಕಿದೆ ಆ ನಿಮಿಷ.
ಪರದೆ ಕಪ್ಪಾಯಿತು. ಟ್ಯೂಬ್‌ಲೈಟಿನ ಬೆಳಕಿಗೆ
ಅದರೊಳಗೆ ಕಂಡದ್ದು ನಮ್ಮ ಮೂವರ ಮುಖವೇ.
ಈರಮ್ಮ ಎದ್ದು ಸ್ವಿಚ್ಚು ಒತ್ತಿ ಬಂದಳು.

ನೀರು. ಮಣ್ಣು.
ಕೆಮ್ಮು.

‘ಇದು ನಿಂದು,’ ಎಂದಳು ಕತ್ತಲಲ್ಲೇ,
‘ದವಾಖಾನಿಗೆ ಹೋಗಂದಿದ್ದೆ. ಹೋದ್ಯಾ?’

ಹುಸೇನಪ್ಪ ಏನೂ ಅನ್ನಲಿಲ್ಲ.
ಲೈಟು ಹಾಕಬೇಕೋ ಬೇಡವೋ ತಿಳಿಯದೆ
ನಾನು ಗೋಡೆಯ ಸ್ವಿಚ್ಚಿನ ಮೇಲೆ
ಬೆರಳಿಟ್ಟುಕೊಂಡೇ ನಿಂತೆ.